ಬಾಣಂತಿಯ ಕಾಲು ಸೂಪು, ಮಾವನ ದೊಡ್ಡ ಮನಸ್ಸು

ಹೊಸತೊಡಕಿನ ಊಟಕ್ಕೆ ದೊಡ್ಡಮಾವ ಅಬ್ಬಿಗೆರೆಯಿಂದ ಕೆಂಪಾಪುರಕ್ಕೆ ಬಂದರು. ಕೈಯಲ್ಲಿ ಖಾಲಿ ಸ್ಟೀಲ್ ಡಬ್ಬಿ.

(ಪಾರ್ಸಲ್‌ಗೆ. ಊಟ ಹೇಗೂ ಕೂತು ಮಾಡುತ್ತಾರೆ.)

ಯುಗಾದಿ ಮಾರನೆಯ ದಿನ ನಮ್ಮಲ್ಲಿ ನಾಲ್ಕಾರು ಮನೆಯವರು ಸೇರಿ ಕುರಿ ತಂದು, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ದೊಡ್ಡಮಾವ ಇಂದಿನವರೆಗೆ ಒಂದು ಗುಡ್ಡೆಗೂ ಪಾಲು ಹಾಕಿದವರಲ್ಲ. ಆದರೂ ಅವರ ತಮ್ಮ, ಅಂದರೆ ನನ್ನ ಚಿಕ್ಕಮಾವ, ಪ್ರತಿ ವರ್ಷ ಕರೆಯುತ್ತಾರೆ. ಚಿಕ್ಕಮಾವನ ಮಗಳು ಪವಿತ್ರಳ ಹೆರಿಗೆಯಾದಾಗ ಈ ಅಣ್ಣ ಬರಿಗೈಲಿ ಬಂದು, ಅವಳಿಗೆ ತಂದಿಟ್ಟಿದ್ದ ಎಳನೀರು ಕುಡಿದು ಹೋಗಿದ್ದರು. ಚಿಕ್ಕಮಾವ ಅದಕ್ಕೂ ನಕ್ಕಿದ್ದರು.

ಈ ಸಲ ಚಿಕ್ಕಮಾವನ ಹೆಂಡತಿ, ನನ್ನ ಅತ್ತೆ, ಗುಡ್ಡೆ ಹಂಚುವಲ್ಲಿ ಜಗಳವಾಡಿ ಕುರಿಯ ಕಾಲುಗಳನ್ನು ತಂದಿದ್ದರು. ಸುಟ್ಟು, ಕೆರೆದು, ಬೆಳಗಿನಿಂದ ಬೇಯಿಸಿದ್ದು ಬಾಣಂತಿ ಪವಿತ್ರಳಿಗಾಗಿ.

ಊಟ ಮುಗಿಸಿದ ದೊಡ್ಡಮಾವ ಮೂಗರಳಿಸಿದರು. ‘ಕಾಲ್ ಸೂಪ್ ವಾಸ್ನೆ ಬತ್ತೈತಲ್ಲೋ. ನಂಗೂ ಮಂಡಿ ನೋವು ಕಣ್ಲಾ.’

‘ಅದಕ್ಕೇನಣ್ಣ. ಲೇ, ಡಬ್ಬಿಗೆ ಹಾಕ್ಕೊಡೇ,’ ಎಂದರು ಚಿಕ್ಕಮಾವ.

‘ಅದು ಪವಿತ್ರಂಗೆ ಕಣ್ರೀ,’ ಅತ್ತೆ ಮೆಲ್ಲಗೆ ಹೇಳಿದರು.

‘ಅವಳಿಗೆ ನಾಳೆ ಮಾಡಿದ್ರಾಯ್ತು ಬಿಡು.’

ನಾಳೆ ಕಾಲು ಎಲ್ಲಿಂದ ಬರುತ್ತದೆ? ಕುರಿಗೇನು ಮತ್ತೆ ಚಿಗುರುತ್ತದೆಯೇ? ಒಳಗಿನ ಕೋಣೆಯಿಂದ ಪವಿತ್ರ, ‘ಪರವಾಗಿಲ್ಲಪ್ಪ, ಕೊಡಿ,’ ಎಂದಳು. ದೊಡ್ಡಪ್ಪ ಹೊರಗೇ ಕೂತಿರುವಾಗ ಬೇರೇನು ಹೇಳುತ್ತಾಳೆ?

ಜಿಪುಣರ ಕಥೆ ಬರೆಯುವವರ ಮೇಲೆ ನನ್ನದೊಂದು ಆಕ್ಷೇಪಣೆ ಇದೆ. ಪ್ರತಿ ಜಿಪುಣನ ಪಕ್ಕ ಒಬ್ಬ ನಗುಮುಖದ ಸಂಬಂಧಿಯನ್ನು ನಿಲ್ಲಿಸುತ್ತೀರಿ. ಅವನು ಕರೆಯುತ್ತಾನೆ, ಬೈಸಿಕೊಳ್ಳುತ್ತಾನೆ, ಮತ್ತೆ ಕರೆಯುತ್ತಾನೆ. ಕೊನೆಯ ಪುಟದಲ್ಲಿ ಜಿಪುಣ ಕರಗುತ್ತಾನೆ, ಓದುಗರ ಕಣ್ಣು ಒದ್ದೆ. ಸರಿ ಸ್ವಾಮಿ, ಅಷ್ಟು ವರ್ಷ ಅಡುಗೆಮನೆಯಲ್ಲಿ ಯಾರಿದ್ದರು? ಯಾರ ಪಾಲು ಕಡಿಮೆಯಾಯಿತು? ಒಂದು ಸಾಲಾದರೂ ಬರೆದಿದ್ದೀರಾ?

ಡಬ್ಬಿ ತುಂಬಿಸಿಕೊಂಡು ದೊಡ್ಡಮಾವ ಹೊರಟರು. ಪವಿತ್ರಳಿಗೆ ಉಳಿದಿದ್ದು ಪಾತ್ರೆಯ ತಳ. ನಾನು ತಡೆಯಲಾರದೆ ಚಿಕ್ಕಮಾವನ ಜೊತೆ ವಾದಕ್ಕಿಳಿದೆ.

‘ನಗ್ತಾ ಕೊಡ್ತಿದ್ರೆ ಒಂದಿನ ಅಣ್ಣಾನೂ ಬದಲಾಗ್ತಾನೆ ಕಣಮ್ಮ,’ ಎಂದರು.

‘ಅಷ್ಟ್ರಲ್ಲಿ ಪವಿತ್ರನ ಮಗು ಕಾಲೇಜಿಗೆ ಹೋಗ್ತಿರುತ್ತೆ ಮಾವ.’

‘ನಿಂಗೆ ಎಲ್ಲಾ ಡಿಬೇಟೇ. ಮನಸ್ಸು ದೊಡ್ಡದಿರಬೇಕಮ್ಮ,’ ಎನ್ನುತ್ತಾ ತಮ್ಮ ಲಿವರ್ ಫ್ರೈ ಬಟ್ಟಲು ಹತ್ತಿರಕ್ಕೆಳೆದುಕೊಂಡರು. ಅದರಿಂದ ಒಂದು ತುಂಡೂ ಡಬ್ಬಿಗೆ ಹೋಗಿರಲಿಲ್ಲ.

ಮನಸ್ಸು ದೊಡ್ಡದೇ, ಒಪ್ಪಿದೆ; ಅದನ್ನು ಮಗಳ ಬಟ್ಟಲಿನಿಂದಲೇ ಯಾಕೆ ಬಡಿಸಬೇಕು?