ಅಳು ಬಾರದವಳಿಗೆ ಅನುದಾನವಿಲ್ಲ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಿದ್ದಳು ಎಂಬುದು ಅರ್ಧ ಕಾರಣ. ಉಳಿದರ್ಧ ಅವಳ ನಾಲಿಗೆ. ಮೆಕ್ಯಾನಿಕಲ್ ಓದುತ್ತಿದ್ದ ಕತ್ತರಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು, ಲಿಫ್ಟು. ಅಮ್ಮ ಕಣ್ಣಾಸ್ಪತ್ರೆಯಲ್ಲಿ ಆಯಾ. ರೋಗಿಗಳ ರೆಪ್ಪೆ ಎಳೆದು ಹನಿ ಹಾಕುವ ಕೆಲಸ. ಶಾಲೆ ಬಿಟ್ಟ ಮೇಲೆ ಹುಡುಗಿಗೆ ಹೋಗಲು ಬೇರೆ ಜಾಗವಿಲ್ಲದೆ ಆ ಆಸ್ಪತ್ರೆಯ ಲಿಫ್ಟಿನಲ್ಲೇ ಮೇಲೆ ಕೆಳಗೆ ಓಡಾಡಿಕೊಂಡು ಬೆಳೆದಳು. ಕೆಟ್ಟು ನಿಂತ ದಿನ ರಿಪೇರಿಯವರು ಮೇಲಿನ ಮೋಟರ್ ಕೋಣೆಯ ಬಾಗಿಲು ತೆಗೆದರೆ, ಅವರ ಹಿಂದೆಯೇ ನುಗ್ಗಿ ಬೈಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅಮ್ಮ, ಅಜ್ಜಿ, ಇವಳು. ಮೂವರೂ ಮಾತಿನಲ್ಲಿ ಒಬ್ಬರಿಗೊಬ್ಬರು ಬಿಟ್ಟುಕೊಡುವವರಲ್ಲ. ಹೀಗಿದ್ದೂ, ತನಗೆ ಹುಡುಗಿಯೊಬ್ಬಳು ಇಷ್ಟ ಎಂದು ಅಮ್ಮನಿಗೆ ಹೇಳಲು ಕತ್ತರಿಗೆ ಬಾಯಿ ಒಣಗಿತ್ತು. ಅಮ್ಮ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ಯಾರು ಅವಳು?" ಎಂದಳು, ತಲೆ ಎತ್ತದೆ.

"ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸ್ತಾಳಲ್ಲ, ಅವಳು."

ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತು. ಬಟ್ಟೆ ಕರಕಲಾದ ವಾಸನೆ ಬಂದ ಮೇಲೇ ಅಮ್ಮ ಎಚ್ಚೆತ್ತಳು. ಆಮೇಲೆ ಕೆಲವು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಒಂದು ಬೆಳಿಗ್ಗೆ ಅಮ್ಮನೇ ಮೌನ ಮುರಿದಳು. "ಗ್ಯಾಸ್ ಮುಗೀತು, ಫೋನ್ ಮಾಡಿ ಹೇಳು. ಹಾಗೇ ಆ ಹುಡುಗೀನ ಒಂದಿನ ಊಟಕ್ಕೆ ಕರಿ. ಯಾವಾಗ ನೋಡಿದ್ರೂ ನೀರಲ್ಲೇ ಇರ್ತಾಳೆ, ಹೊಟ್ಟೆಗೇನು ತಿಂತಾಳೋ ಏನೋ." ಅಷ್ಟೇ. ಅಜ್ಜಿಗೆ ಯಾರೂ ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆದರೆ ಈಜಿನ ಹುಡುಗಿ ಊಟಕ್ಕೆ ಬಂದ ದಿನ, ತಟ್ಟೆಯಲ್ಲಿ ಅನ್ನ ಬಿಟ್ಟಳೆಂದು ಅವಳನ್ನೂ ಮನೆಯವಳಂತೆಯೇ ಗದರಿದಳು.

ಮನೆಯ ಕತೆ ಹೀಗೆ ಮುಗಿಯಿತು. ಕೆಲಸದ ಕತೆ ಅಷ್ಟು ಸುಲಭವಾಗಿರಲಿಲ್ಲ. ಕೆಲಸಕ್ಕೆ ಆರಿಸಿಕೊಳ್ಳಲು ಕಾಲೇಜಿಗೆ ಬಂದ ಲಿಫ್ಟ್ ಕಂಪನಿಯ ಸಾಹೇಬರು ಅವಳ ಅಂಕ ನೋಡಿ ಹುಬ್ಬೇರಿಸಿದರು, ಅವಳನ್ನು ನೋಡಿ ಹುಬ್ಬಿಳಿಸಿದರು. "ಲಿಫ್ಟಿನ ಕೆಳಗಿರೋ ಗುಂಡಿಗೆ ಹೆಣ್ಣುಮಕ್ಕಳನ್ನ ಇಳಿಸೋಕಾಗಲ್ಲಮ್ಮ. ಆಫೀಸಲ್ಲಿ ಫೋನ್ ತೆಗೆಯೋ ಕೆಲಸ ಬೇಕಾದ್ರೆ ನೋಡೋಣ" ಎಂದರು. ಹೊರಗೆ ಕಾದಿದ್ದ ಪ್ಲೇಸ್‌ಮೆಂಟ್ ಸರ್ ಇಡೀ ತಪ್ಪನ್ನು ಅವಳ ತಲೆಯ ಮೇಲೆಯೇ ಕಂಡರು. "ಸಾವಿರ ಸಲ ಹೇಳಿದೀನಿ. ಮೊದಲು ಕೂದಲು ಬೆಳೆಸು, ನೆಟ್ಟಗೆ ಹುಡುಗಿ ಥರ ಕಾಣು. ಹೀಗಿದ್ರೆ ಯಾರು ತಗೋತಾರೆ?"

ಇದೇ ಪ್ಲೇಸ್‌ಮೆಂಟ್ ಸರ್ ಕೆಲವು ತಿಂಗಳ ನಂತರ ಅವಳನ್ನು ಕ್ಯಾಂಟೀನಿನವರೆಗೂ ಹುಡುಕಿಕೊಂಡು ಬಂದರು. ಮುಖದಲ್ಲಿ ಬೆಣ್ಣೆ ಕರಗುತ್ತಿತ್ತು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ನೀನು ಅದೇ ಅಲ್ವಾ?" ಎಂದರು.

"ಯಾವುದು ಸರ್?"

"ಅದೇ ಕಣಮ್ಮ. ಆ ನಾಲ್ಕು ಅಕ್ಷರ."

"ನಾಲ್ಕರಲ್ಲಿ ಯಾವ ಅಕ್ಷರ ಬೇಕಿತ್ತು ಸರ್?"

ವಿಷಯ ಇಷ್ಟು. ದೊಡ್ಡ ಸಂಸ್ಥೆಯೊಂದು ಎಲ್‌ಜಿಬಿಟಿ ವಿದ್ಯಾರ್ಥಿಗಳಿಗಾಗಿ ಸಮ್ಮೇಳನ ನಡೆಸುತ್ತಿತ್ತು. ಕಂಪನಿಗಳು ಬಂದು ಕೆಲಸ ಕೊಡುತ್ತವೆ, ಮುಂದೆ ಓದುವವರಿಗೆ ಅನುದಾನ ಸಿಗುತ್ತದೆ ಎಂದು ಬಣ್ಣದ ಆಮಂತ್ರಣ ಬಂದಿತ್ತು. ವಿದ್ಯಾರ್ಥಿಯನ್ನು ಕಳಿಸಿದ ಕಾಲೇಜಿಗೆ ಗೌರವ ಫಲಕ. ಫಲಕ ಎಂದರೆ ಪ್ರಾಂಶುಪಾಲರಿಗೆ ಪ್ರಾಣ. ಅಲ್ಲಿಯವರೆಗೆ ಅಂಥವರು ತಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವರು, ಈಗ ಒಬ್ಬರಾದರೂ ಸಿಕ್ಕರೆ ಸಾಕು ಎಂದು ಕ್ಲಾಸು ಕ್ಲಾಸು ಸೋಸುತ್ತಿದ್ದರು.

"ಕೂದಲು?" ಎಂದಳು ಕತ್ತರಿ.

"ಅಯ್ಯೋ, ಹಾಗೇ ಇರ್ಲಿ ಬಿಡು. ಚೆನ್ನಾಗೇ ಕಾಣುತ್ತೆ."

ಅವರ ಫಲಕದ ಆಸೆ ಅವಳಿಗೆ ಹೇಸಿಗೆ ತರಿಸಿದರೂ ಕೆಲಸದ ಆಸೆ ಅದಕ್ಕಿಂತ ದೊಡ್ಡದಿತ್ತು. ಅಮ್ಮನೇ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಹೊರಟಳು.

ಸಮ್ಮೇಳನ ನಡೆದದ್ದು ದೊಡ್ಡ ಹೋಟೆಲಿನಲ್ಲಿ. ಬಾಗಿಲಲ್ಲೇ ಸಂಘಟಕಿ ಮೇಡಂ ಎದೆಯ ಮೇಲೆ ಕೈಯಿಟ್ಟು, ಮಗುವನ್ನು ಮಲಗಿಸುವಂಥ ದನಿಯಲ್ಲಿ, "ಇದು ನಿಮ್ಮದೇ ಮನೆ" ಎಂದರು. ಎಂದವರೇ ಅವಳ ಕೊರಳಿಗೆ ಹೆಸರಿನ ಚೀಟಿ ತೂಗುಹಾಕಿದರು. ತಮ್ಮದೇ ಮನೆಯಲ್ಲಿ ಯಾರು ಹೆಸರು ತೂಗುಹಾಕಿಕೊಂಡು ಓಡಾಡುತ್ತಾರೋ ಕತ್ತರಿಗೆ ತಿಳಿಯಲಿಲ್ಲ. ಒಳಗೆ ಕಂಪನಿಯ ದೊಡ್ಡವರು ಒಬ್ಬರಾದ ಮೇಲೊಬ್ಬರು ವೇದಿಕೆ ಹತ್ತಿ "ನೀವು ನೀವಾಗಿಯೇ ಇರಿ" ಎಂದು ಹೇಳಿ ಇಳಿದರು. ಅವಳು ಅವಳಾಗಿಯೇ ಇದ್ದಳು. ಸಂಬಳ ಮಾತ್ರ ಇರಲಿಲ್ಲ.

ಪಕ್ಕದ ಹಾಲಿನಲ್ಲಿ ಕಂಪನಿಗಳ ಮಳಿಗೆಗಳು. ಅವಳನ್ನು ಬೇಡವೆಂದಿದ್ದ ಲಿಫ್ಟ್ ಕಂಪನಿಯೇ ಎಲ್ಲಕ್ಕಿಂತ ದೊಡ್ಡ ಮಳಿಗೆ ಹಾಕಿತ್ತು. ಗೋಡೆಯ ತುಂಬ ಕಾಮನಬಿಲ್ಲು. ಮಳಿಗೆಯಲ್ಲಿದ್ದ ಯುವತಿ ಹಲ್ಲು ಕಿರಿದು ಬಣ್ಣದ ಪಟ್ಟಿಯ ಟೋಪಿಯೊಂದನ್ನು ಅವಳ ಕೈಗಿಟ್ಟಳು.

"ಟೋಪಿ ಇರ್ಲಿ. ಸರ್ವಿಸ್ ವಿಭಾಗದಲ್ಲಿ ಕೆಲಸ ಇದೆಯಾ?" ಎಂದಳು ಕತ್ತರಿ.

"ಇಲ್ಲಿ ನಾವು ಕೆಲಸಕ್ಕೆ ತಗೋತಾ ಇಲ್ಲ. ಜಾಗೃತಿ ಮೂಡಿಸ್ತಾ ಇದೀವಿ."

"ಯಾರಿಗೆ ಜಾಗೃತಿ? ನಾನು ಯಾರು ಅಂತ ನನಗೆ ಗೊತ್ತಲ್ಲ. ಗೊತ್ತಿಲ್ಲದೆ ಇರೋದು ನಿಮ್ಮ ಸಾಹೇಬ್ರಿಗೆ. ಹೆಣ್ಣುಮಕ್ಕಳನ್ನ ಗುಂಡಿಗೆ ಇಳಿಸಲ್ಲ ಅಂದು ನನ್ನ ವಾಪಸ್ ಕಳಿಸಿದ್ರು. ಅವರನ್ನ ಕೂರಿಸಿ ಜಾಗೃತಿ ಮೂಡಿಸಿ."

ಯುವತಿಯ ನಗು ಹಾಗೆಯೇ ಅಂಟಿಕೊಂಡಿತ್ತು, ಕಣ್ಣು ಮಾತ್ರ ಸಹಾಯಕ್ಕಾಗಿ ಸುತ್ತ ಹುಡುಕಿತು. "ನಮ್ಮ ಪೋಸ್ಟರಿಗೆ ಒಂದು ಫೋಟೋ ಕೊಡ್ತೀರಾ?" ಎಂದಳು ಕೊನೆಗೆ. ಗುಂಡಿಗೆ ಇಳಿಸಲಾಗದವಳನ್ನು ಗೋಡೆಗೆ ಏರಿಸಲು ಅವರಿಗೆ ಅಡ್ಡಿಯಿರಲಿಲ್ಲ. ಕತ್ತರಿ ಟೋಪಿಯನ್ನು ಮೇಜಿನ ಮೇಲಿಟ್ಟು ಹೊರಟಳು.

ಅನುದಾನದ ಸಂದರ್ಶನ ಮೇಲಿನ ಮಹಡಿಯಲ್ಲಿ. ಮೇಜಿನಾಚೆ ಸಂಘಟಕಿ ಮೇಡಂ, ಇನ್ನಿಬ್ಬರು. ಲಿಫ್ಟುಗಳ ಬಗ್ಗೆ ತಾನು ಮುಂದೆ ಏನು ಓದಬೇಕೆಂದಿದ್ದೇನೆ ಎಂದು ಕತ್ತರಿ ಶುರುಮಾಡಿದಳು. ಅರ್ಧಕ್ಕೇ ಮೇಡಂ ಮೆಲ್ಲಗೆ ತಡೆದರು.

"ಅದೆಲ್ಲ ಸರಿ. ನಿಮ್ಮ ಪಯಣದ ಬಗ್ಗೆ ಹೇಳಿ."

"ಬಸ್ಸಲ್ಲಿ ಬಂದೆ ಮೇಡಂ."

"ಹಾಗಲ್ಲ. ನಿಮ್ಮ ನೋವಿನ ಬಗ್ಗೆ. ಮನೆಯವರು ಹೊರಗೆ ಹಾಕಿದ್ರಾ?"

"ಇಲ್ಲ."

"ಹೊಡೆದ್ರಾ?"

"ಅಜ್ಜಿ ಒಂದ್ಸಲ ಹೊಡೆದಿದ್ರು. ಹಾಲು ಉಕ್ಕಿಸಿದ್ದಕ್ಕೆ."

ಮೂವರೂ ಮುಖ ಮುಖ ನೋಡಿಕೊಂಡರು. ಅಮ್ಮ ಊಟಕ್ಕೆ ಕರೆದ ಸಂಗತಿ ಹೇಳಿದಾಗಲಂತೂ ಅವರ ಪೆನ್ನುಗಳು ಕ್ಯಾಪಿನೊಳಗೆ ಹೋದವು. ಅಮ್ಮ ತನ್ನನ್ನು ಚೆನ್ನಾಗಿ ಸಾಕಿದ್ದು ಇಂಥ ದೊಡ್ಡ ಅಪರಾಧವಾದೀತೆಂದು ಕತ್ತರಿಗೆ ಅಂದೇ ಗೊತ್ತಾದದ್ದು.

ಸಂಜೆ ಸಮಾರೋಪದಲ್ಲಿ ಅನುದಾನ ಗೆದ್ದವನನ್ನು ವೇದಿಕೆಗೆ ಕರೆದರು. ಕಾನೂನು ಓದುವ ಹುಡುಗ. ತೆಳ್ಳಗಿದ್ದ. ಅವನ ಅಪ್ಪ ಅವನ ಬಟ್ಟೆಬರೆಯನ್ನೆಲ್ಲ ಬೀದಿಗೆ ಎಸೆದು ಬಾಗಿಲು ಹಾಕಿಕೊಂಡಿದ್ದರು. ಅಮ್ಮ ಕಿಟಕಿಯಿಂದ ನೋಡುತ್ತಿದ್ದವಳು ಪರದೆ ಎಳೆದುಕೊಂಡಿದ್ದಳು. ಪರದೆಯ ಮಾತು ಬಂದಾಗ ಹುಡುಗನಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟ. ಇಡೀ ಸಭೆಯೇ ಕಣ್ಣೊರೆಸಿಕೊಂಡಿತು.

ಅಷ್ಟರಲ್ಲಿ ಕ್ಯಾಮೆರಾದವನು ಕೈಯೆತ್ತಿ ಏನೋ ಸನ್ನೆ ಮಾಡಿದ. ಸಂಘಟಕಿ ಮೇಡಂ ಹುಡುಗನ ಬೆನ್ನು ಸವರುತ್ತಾ, ಮೈಕು ಹತ್ತಿರವಿದ್ದುದನ್ನು ಮರೆತು, "ಸಾರಿ ಪುಟ್ಟಾ, ರೆಕಾರ್ಡ್ ಆಗಿಲ್ವಂತೆ. ಆ ಪರದೆಯಿಂದ ಇನ್ನೊಂದ್ಸಲ ಹೇಳ್ತೀಯಾ? ಈಗ ಹೇಗೆ ಬಂತೋ ಹಾಗೇ ಬರ್ಲಿ" ಎಂದರು.

ಹುಡುಗ ಮೂಗು ಒರೆಸಿಕೊಂಡು ನಿಜಕ್ಕೂ ಮತ್ತೆ ಶುರುಮಾಡಿದ. ಕತ್ತರಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಮೇಡಂ," ಎಂದಳು ಎದ್ದು ನಿಂತು, ಹಿಂದಿನ ಸಾಲಿಗೂ ಕೇಳುವಂತೆ, "ಬೇಕೆಂದಾಗ ತಿರುಗಿಸಿದ್ರೆ ನೀರು ಬರೋಕೆ ಇವನೇನು ನಲ್ಲಿಯಾ?"

ಕಾಲೇಜಿನ ಪರವಾಗಿ ಫಲಕ ಪಡೆಯಲು ಬಂದಿದ್ದ ಪ್ಲೇಸ್‌ಮೆಂಟ್ ಸರ್ ಅದನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕುಗ್ಗಿದರು. ಮೇಡಂ ಸಾವರಿಸಿಕೊಂಡು, "ಇಲ್ಲಿ ಎಲ್ಲ ಭಾವನೆಗಳಿಗೂ ಜಾಗ ಇದೆ" ಎಂದರು. "ನಾಚಿಕೆಗೂ ಇದೆಯಾ?" ಎಂದಳು ಕತ್ತರಿ. ವೇದಿಕೆ ಹತ್ತಿ ಹುಡುಗನ ಮುಂದೆ ಕೈ ಚಾಚಿದಳು. ಅವನು ಒಂದು ಕ್ಷಣ ಕ್ಯಾಮೆರಾದ ಕಡೆ ನೋಡಿ, ಆಮೇಲೆ ಅವಳ ಕೈ ಹಿಡಿದ.

ಹೋಟೆಲಿನ ಹಿಂದಿನ ರಸ್ತೆಯಲ್ಲಿ, ಕೈಗಾಡಿಯ ಪಕ್ಕ ನಿಂತು ಇಬ್ಬರೂ ಚಹಾ ಕುಡಿದರು.

"ನನಗೆ ಆ ಹಣ ಬೇಡ," ಎಂದ ಹುಡುಗ.

"ಹುಚ್ಚನ ಥರ ಆಡಬೇಡ. ಅತ್ತಿದ್ದು ನೀನು, ಹಣ ಅವರಪ್ಪನ ಮನೇದಲ್ಲ. ತಗೊಂಡು ಓದು. ಓದಿ ಮುಗಿಸಿ ಬೇಕಾದ್ರೆ ಅವರ ಮೇಲೇ ಕೇಸು ಹಾಕು."

ಹುಡುಗ ಚಹಾ ನೆತ್ತಿಗೇರುವಂತೆ ನಕ್ಕ. ಅನುದಾನವನ್ನೂ ತೆಗೆದುಕೊಂಡ. ಕೇಸೇನೂ ಹಾಕಲಿಲ್ಲ.

ಪ್ಲೇಸ್‌ಮೆಂಟ್ ಸರ್ ಅವಳಿಗೆ ಇನ್ನು ಯಾವ ಸಂದರ್ಶನಕ್ಕೂ ಕರೆ ಕಳಿಸುವುದಿಲ್ಲ ಎಂದು ಹಲ್ಲು ಕಡಿದರು. ಅವರ ಕರೆಯಿಂದ ಆದ ಉಪಕಾರವಾದರೂ ಏನಿತ್ತು? ಕಾಲೇಜು ಮುಗಿದ ಮೇಲೆ ಕತ್ತರಿ ಕಣ್ಣಾಸ್ಪತ್ರೆಯ ಲಿಫ್ಟು ನೋಡಿಕೊಳ್ಳುವ ಸಣ್ಣ ಕಂಪನಿಯ ಯಜಮಾನರ ಮುಂದೆ ಹೋಗಿ ನಿಂತಳು. ಅವರ ಆಫೀಸು ಟೈರ್ ಅಂಗಡಿಯ ಹಿಂದಿನ ಕೋಣೆ. ಯಜಮಾನರು ಯಾವ ಸಮ್ಮೇಳನಕ್ಕೂ ಹೋದವರಲ್ಲ. ಒಳ್ಳೆ ಮಾತು ಆಡಿದರೆ ಬಾಯಿ ಸವೆದೀತೆಂಬಂತೆ ಗಂಟುಮುಖ ಹಾಕಿಕೊಂಡು, "ಗ್ರೀಸ್ ಅಂದ್ರೆ ಅಸಹ್ಯ ಪಡ್ತೀಯಾ?" ಎಂದರು.

"ಇಲ್ಲ ಸರ್."

"ಕತ್ತಲೆ ಅಂದ್ರೆ ಭಯ?"

"ಇಲ್ಲ."

"ನಾಳೆಯಿಂದ ಬಾ. ತಡವಾಗಿ ಬಂದ್ರೆ ವಾಪಸ್ ಕಳಿಸ್ತೀನಿ."

ಅವಳ ಕೂದಲನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅವಳು ಈಜಿನ ಹುಡುಗಿಯ ಜೊತೆ ಬೇರೆ ಮನೆ ಮಾಡಿದಾಗ ಸುದ್ದಿ ಅವರ ಕಿವಿಗೂ ಬಿತ್ತು. ಅಲ್ಲಿಂದ ಕಣ್ಣಾಸ್ಪತ್ರೆ ಎಷ್ಟು ದೂರ ಎಂದಷ್ಟೇ ಕೇಳಿ, ಗೊಣಗಿಕೊಂಡು ಸುಮ್ಮನಾದರು. ಒಳ್ಳೆಯವರೆಂದು ಅವರನ್ನು ಹೊಗಳುವಂತಿಲ್ಲ. ಸಂಬಳ ಹೆಚ್ಚಿಸಿ ಎಂದರೆ ಅವರ ಕಿವಿ ತಕ್ಷಣ ಕಿವುಡಾಗುತ್ತಿತ್ತು. ಆದರೆ ಗುಂಡಿಗೆ ಇಳಿಸಿದರು.

ಕಾಲೇಜಿನ ಕಿರಿಯರಿಗೆ ನಲ್ಲಿಯ ಮಾತು ಹೇಗೋ ತಲುಪಿತ್ತು. ಒಬ್ಬೊಬ್ಬರಾಗಿ ಕತ್ತರಿಯನ್ನು ಹುಡುಕಿಕೊಂಡು ಬರತೊಡಗಿದರು. ಕೆಲವರಿಗೆ ಮನೆಯಿರಲಿಲ್ಲ. ಕೆಲವರಿಗೆ ಮನೆಯಿತ್ತು, ಅಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಎಲ್ಲರ ಫೋನಿನಲ್ಲೂ ಒಂದಲ್ಲ ಒಂದು ಸಮ್ಮೇಳನದ, ಅನುದಾನದ ಬಣ್ಣದ ಆಮಂತ್ರಣ. ಕತ್ತರಿ ಬಿಡುವಿನ ದಿನ ಕಾನೂನಿನ ಹುಡುಗನನ್ನು ಮನೆಗೆ ಕರೆಸಿಕೊಂಡು, ಅವರ ಎದುರೇ ಒಂದೊಂದಕ್ಕೂ ಫೋನ್ ಮಾಡುತ್ತಿದ್ದಳು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹೋದ ಸಲ ಬಂದವರಲ್ಲಿ ಯಾರಿಗೆ ಕೆಲಸ ಸಿಕ್ತು?"

ಉತ್ತರವಾಗಿ ಜಾಗೃತಿ, ಪಯಣ, ಸಂವಾದ ಎಂಬ ಮಾತುಗಳು ಪುಂಖಾನುಪುಂಖವಾಗಿ ಬರುತ್ತಿದ್ದವು. ಕತ್ತರಿ ಫೋನನ್ನು ಕಿವಿಯಿಂದ ದೂರ ಹಿಡಿದು, ಕಿರಿಯರ ಕಡೆ ನೋಡಿ ಮೂಗು ಮುರಿಯುತ್ತಿದ್ದಳು.

ಒಂದು ಸಲ ಮಾತ್ರ ಬೇರೆ ಥರ ಆಯಿತು. ಹೆಸರೇ ಕೇಳಿರದ ಪುಟ್ಟ ಸಂಘ. ಫೋನ್ ತೆಗೆದವರು ಕೆಮ್ಮುತ್ತಾ, "ಹೋದ ಸಲ ಒಬ್ಬಳಿಗೆ ಮಾತ್ರ ಸಿಕ್ತಮ್ಮ, ಪ್ರಿಂಟಿಂಗ್ ಪ್ರೆಸ್ಸಲ್ಲಿ. ಉಳಿದವರಿಗೆ ಇನ್ನೂ ಹುಡುಕ್ತಾ ಇದೀವಿ. ಅವಳ ನಂಬರ್ ಕೊಡ್ಲಾ? ನೀನೇ ಕೇಳಿ ನೋಡು" ಎಂದರು.

ಕತ್ತರಿ ಚುಚ್ಚುವ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದಳು, ಅದನ್ನು ನುಂಗಿಕೊಂಡಳು. ಕಿರಿಯರ ಕಡೆ ತಿರುಗಿ, ಸೋತವಳ ಸಿಟ್ಟಿನಲ್ಲಿ, "ಇವರ ಹತ್ರ ಹೋಗಿ. ಚಹಾ ಗಿಹಾ ಕೊಡ್ತಾರೋ ಇಲ್ವೋ ಗೊತ್ತಿಲ್ಲ, ಸುಳ್ಳಂತೂ ಹೇಳಲ್ಲ" ಎಂದಳು.