ಶಾಂತಪ್ಪನವರ ಆರು ಫೋಟೋ

ಲಂಡನ್ನಿನ ಗ್ರೀನ್‌ಫರ್ಡಿನ ಶಾಂತಪ್ಪನವರು ಒಂದು ಸಂಶೋಧನಾ ಕಟ್ಟಡದೊಳಗೆ ನಿಂತು ಗಂಟಲು ಹರಿಯುವಂತೆ ಕೂಗಾಡಿದರು ಎಂಬುದು ನಿಜ. ಸೆಕ್ಯುರಿಟಿಯವನು ಬಂದದ್ದೂ ನಿಜ. ಆದರೆ ಯುಗಾದಿ ಊಟಕ್ಕೆ ಸ್ಟ್ಯಾನ್ಮೋರಿನ ಹಾಲ್‌ನಲ್ಲಿ ಸೇರಿದ್ದ ನಮ್ಮ ಕನ್ನಡದವರು, ಅದರಲ್ಲೂ ಕಾರಿನ ಕೀಲಿಯನ್ನು ಟೇಬಲ್ಲಿನ ಮೇಲಿಟ್ಟುಕೊಂಡೇ ಊಟಕ್ಕೆ ಕೂರುವ ದೊಡ್ಡ ಮನುಷ್ಯರು, "ಪಾಪ, ಓದಿದವರಲ್ಲ, ಅದಕ್ಕೇ ಹಾಗಾಡಿದರು" ಎಂದು ಹೋಳಿಗೆ ಮುರಿಯುತ್ತ ತೀರ್ಪು ಕೊಟ್ಟರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಅವರ ಪಕ್ಕದ ಮನೆಯವಳು. ಅವರ ಹೆಂಡತಿಗೆ ಅಲ್ಲಿ ಎರಡನೆಯ ಸಲ ಪರೀಕ್ಷೆ ಮಾಡಿದಾಗ ಕೋಣೆಯೊಳಗೆ ನಾನೂ ಇದ್ದೆ. ಏನಾಯಿತು ಎಂದು ಹೇಳುವ ಹಕ್ಕು ಆ ಹೋಳಿಗೆಯವರಿಗಿಂತ ನನಗೆ ಹೆಚ್ಚಿದೆ.

ಶಾಂತಪ್ಪನವರು ವಿಜಯಪುರದ ಕಡೆಯವರು. ನಿವೃತ್ತರಾಗುವ ತನಕ ಇಲ್ಲಿನ ಒಂದು ವಿಶ್ವವಿದ್ಯಾಲಯದ ವ್ಯಾನ್ ಓಡಿಸುತ್ತಿದ್ದರು. ಅದರ ಪ್ರಯೋಗಾಲಯಗಳು ಲಂಡನ್ನಿನ ತುಂಬ ಚೆಲ್ಲಾಪಿಲ್ಲಿಯಾಗಿವೆ. ಒಂದರಿಂದ ಇನ್ನೊಂದಕ್ಕೆ ಡಬ್ಬಿ ಸಾಗಿಸುವುದು ಅವರ ಕೆಲಸ. ಆ ಡಬ್ಬಿಗಳಲ್ಲಿ ಏನೆಲ್ಲ ಇರುತ್ತಿತ್ತು! ದಾರಿ ಹೇಗೆ ನೆನಪಿಟ್ಟುಕೊಳ್ಳುತ್ತವೆ ಎಂದು ತಿಳಿಯಲು ಸಾಕಿದ ದುಂಬಿಗಳು ಒಂದು ದಿನ. ಥೇಮ್ಸ್ ನದಿಯ ಕೆಸರು ಇನ್ನೊಂದು ದಿನ, ಅದರಲ್ಲಿ ಪ್ಲಾಸ್ಟಿಕ್ಕಿನ ಪುಡಿ ಎಷ್ಟಿದೆ ಎಂದು ಹುಡುಕುವವರಿಗೆ. ಹಳೆಯ ಕಾಲದ ಚರ್ಮದ ಹಾಳೆಯನ್ನು ಕೆರೆದು ಅದು ಯಾವ ತಳಿಯ ಕುರಿಯದು ಎಂದು ಪತ್ತೆ ಮಾಡುವವರೂ ಇದ್ದರು, ಸಿಮೆಂಟಿನ ತುಂಡು ಎಷ್ಟು ಭಾರಕ್ಕೆ ಸೀಳುತ್ತದೆ ಎಂದು ಬೇಕೆಂದೇ ಒಡೆದು ನೋಡುವವರೂ ಇದ್ದರು. ಶಾಂತಪ್ಪನವರಿಗೆ ಇವುಗಳ ತಲೆಬುಡ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಅವರು ಹೇಳಿಕೊಂಡವರೂ ಅಲ್ಲ. ಹೆಮ್ಮೆಗೆ ಮಾತ್ರ ಬರವಿರಲಿಲ್ಲ. ಸಂಜೆ ಬೇಲಿಯ ಆಚೆ ನಿಂತು, "ಉಷಾ ತಂಗಿ, ಇವತ್ತ ನಮ್ಮ ವ್ಯಾನಿನಾಗ ನಕ್ಷತ್ರ ನೋಡೂ ಕನ್ನಡಿ ಇತ್ತು ನೋಡ್ರಿ. ಕೂಸಿನ್ನ ಒಯ್ದಂಗ ಒಯ್ದೇನಿ," ಎನ್ನುತ್ತಿದ್ದರು. "ಈ ಮಂದಿ ಜಗತ್ತಿನಾಗ ಒಂದು ಪ್ರಶ್ನಿನೂ ಉಳಸಂಗಿಲ್ರಿ. ಎಲ್ಲಾದಕ್ಕೂ ಒಬ್ಬೊಬ್ಬವ ಕುಂತಾನ."

ಅವರ ಹೆಂಡತಿ ರತ್ನಾಬಾಯಿ. ನನಗೆ ರತ್ನಕ್ಕ. ನಮ್ಮ ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಲೇ ಗುಜರಾತಿ ಕಲಿತರು, ಹಿಂದಿ ಕಲಿತರು, ಇಂಗ್ಲಿಷನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿಕೊಂಡರು. ಕಸದ ಗಾಡಿ ಬಾರದಿದ್ದರೆ ಕೌನ್ಸಿಲ್ಲಿಗೆ ಫೋನ್ ಮಾಡಿ ಜಗಳ ಆಡುವುದು ಇಡೀ ಬೀದಿಯ ಪರವಾಗಿ ಅವರೇ. ಅಂಥವರಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಕೈಕಾಲು ಬಹಳ ಮಟ್ಟಿಗೆ ಸರಿಹೋಯಿತು, ಮಾತು ಹೋಯಿತು. ಇಂಗ್ಲಿಷ್, ಹಿಂದಿ, ಗುಜರಾತಿ ಎಲ್ಲ ಅಳಿಸಿಹೋಗಿ ಕನ್ನಡದ ಬಿಡಿ ಪದಗಳು ಮಾತ್ರ ಉಳಿದವು. ನೀರು. ಬಿಸಿ. ಸಾನ್ವಿ, ಅಂದರೆ ಮೊಮ್ಮಗಳು. ಎರಡು ಪದ ಜೋಡಿಸುವುದು ಅವರಿಂದ ಆಗುತ್ತಿರಲಿಲ್ಲ. ಮಾತಿನ ಚಿಕಿತ್ಸೆಯೇನೋ ಕೊಟ್ಟರು, ಇಂಗ್ಲಿಷಿನಲ್ಲಿ! ಸ್ವಲ್ಪ ದಿನದ ಮೇಲೆ ಪ್ರಗತಿ ಇಲ್ಲವೆಂದು ನಿಲ್ಲಿಸಿದರು. ಇಲ್ಲದ ಭಾಷೆಯಲ್ಲಿ ಪ್ರಗತಿ ಎಲ್ಲಿಂದ ಬರಬೇಕು?

ಶಾಂತಪ್ಪನವರು ತಾವು ಹಿಂದೆ ಡಬ್ಬಿ ಸಾಗಿಸುತ್ತಿದ್ದ ಕಟ್ಟಡಗಳಿಗೆಲ್ಲ ಅಲೆದರು. ಆಗ ಸಿಕ್ಕವರು ಡಾಕ್ಟರ್ ಆಲಿವರ್. ಹಲವು ಭಾಷೆ ಬಲ್ಲವರು ಸ್ಟ್ರೋಕ್‌ನಿಂದ ಮಾತು ಕಳೆದುಕೊಂಡಾಗ, ಅವರವರ ತಾಯಿಭಾಷೆಯಲ್ಲೇ ದಿನವೂ ತರಬೇತಿ ಕೊಟ್ಟರೆ ಮಾತು ಮರಳುತ್ತದೆಯೇ ಎಂಬುದು ಅವರ ಸಂಶೋಧನೆ. ಕನ್ನಡದಲ್ಲೂ ಕೊಡುತ್ತಾರೆ. ಅಂಥದ್ದು ಬೇರೆಲ್ಲೂ ನಮಗೆ ಕಂಡಿರಲಿಲ್ಲ. ಸೇರಿಸಿಕೊಳ್ಳುವ ಮುಂಚೆ ಒಂದು ಸಣ್ಣ ಪರೀಕ್ಷೆ: ಮನೆಯಿಂದ ಹತ್ತು ಫೋಟೋ ಕೊಡಬೇಕು, ರೋಗಿಗೆ ತೀರ ಹತ್ತಿರದವರದು. ರೋಗಿ ಅವನ್ನು ನೋಡಿ ಹೆಸರು ಹೇಳಬೇಕು. ಐದಾದರೂ ಬಂದರೆ ಸೇರ್ಪಡೆ. ಬರದಿದ್ದರೆ ಮಿದುಳಿಗೆ ಆದ ಪೆಟ್ಟು ಈ ತರಬೇತಿಗೆ ಜಗ್ಗುವುದಿಲ್ಲ ಎಂದು ಲೆಕ್ಕ.

ಶಾಂತಪ್ಪನವರು ಆಲ್ಬಮ್ ಹರವಿ ಕೂತು ಫೋಟೋ ಆರಿಸಿದರು. ಮಗ ರುದ್ರೇಶ, ಮಗಳು ಸ್ಫೂರ್ತಿ, ಮೊಮ್ಮಗಳು ಸಾನ್ವಿ, ರತ್ನಕ್ಕನ ಅಣ್ಣ ವೀರಣ್ಣ. ಉಳಿದ ಆರೂ ತಮ್ಮವೇ! ವ್ಯಾನಿಗೆ ಒರಗಿ ನಿಂತದ್ದು, ಮದುವೆಯದು, ಮೀಸೆ ಇದ್ದದ್ದು, ಮೀಸೆ ತೆಗೆದದ್ದು. "ಆಕಿಗೆ ನನಗಿಂತ ಹತ್ತರದವರು ಯಾರದಾರ್ರಿ?" ಎಂದು ನನ್ನನ್ನೇ ಕೇಳಿದರು. ನಾನೂ ನಕ್ಕೆ. ನಮ್ಮಿಬ್ಬರಿಗೂ ಆಗ ಏನೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಮನೆಯವರನ್ನು ಒಳಗೆ ಬಿಡಲಿಲ್ಲ. ದುಭಾಷಿ ಫೋನಿನಲ್ಲಿದ್ದ, ಯಾರೋ ಬೆಂಗಳೂರಿನ ಎಳೆಯ ಹುಡುಗ. ಕೊನೆಗೆ ಆಲಿವರ್ ಹೊರಗೆ ಬಂದು, ನಾಲ್ಕೇ ಬಂತು, ಸೇರಿಸಿಕೊಳ್ಳಲಾಗುವುದಿಲ್ಲ, ದಯವಿಟ್ಟು ಕ್ಷಮಿಸಿ ಎಂದರಂತೆ. ಅಷ್ಟಕ್ಕೆ ಬಿಡಬಾರದಿತ್ತೇ ಆ ಮನುಷ್ಯ? "ಆದರೆ ಇದೊಂದು ಅಪರೂಪದ ಪ್ರಕರಣ. ಉಳಿದ ನಾಲ್ವರ ಹೆಸರೂ ಸರಿಯಾಗಿದೆ. ನಿಮ್ಮನ್ನು ಗಂಡನೆಂದು ಗುರುತು ಹಿಡಿಯುತ್ತಾರೆ, ಮುಗುಳ್ನಗುತ್ತಾರೆ, ನಿಮ್ಮ ಹೆಸರೊಂದು ಮಾತ್ರ ಮಿದುಳಿನಿಂದ ಅಳಿಸಿಹೋಗಿದೆ," ಎಂದು ಕಣ್ಣರಳಿಸಿ ಹೇಳಿದರಂತೆ.

ಶಾಂತಪ್ಪನವರಿಗೆ ಆಗ ಹೊಳೆಯಿತು. ಹೆಸರು ಅಳಿಸಿಹೋಗಿದ್ದರೆ ತಾನೆ? ಮದುವೆಯಾದಂದಿನಿಂದ ರತ್ನಕ್ಕ ಗಂಡನ ಹೆಸರು ಹಿಡಿದವರೇ ಅಲ್ಲ. "ಏನ್ರೀ" ಎನ್ನುವರು, "ಇಲ್ಲಿ ಕೇಳ್ರಿಲ್ಲೆ" ಎನ್ನುವರು, ನನ್ನ ಹತ್ತಿರ "ನಮ್ಮ ಮನ್ಯಾವ್ರು" ಎನ್ನುವರು. ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅವರ ಅವ್ವ ಹೇಳಿಕೊಟ್ಟದ್ದು. ಅದನ್ನು ಅಕ್ಷರಶಃ ನಂಬಿದ ಹೆಂಗಸು ಅವರು. ನಾನು ನನ್ನ ಗಂಡ ಕರುಣಾಕರನನ್ನು ದಿನಕ್ಕೆ ಎಷ್ಟೋ ಸಲ ಹೆಸರು ಹಿಡಿದೇ ಕೂಗುತ್ತೇನೆ, ಹೆಚ್ಚಿನ ಸಲ ಸಿಟ್ಟಿನಲ್ಲಿ. ಅದನ್ನು ಕೇಳಿದಾಗಲೆಲ್ಲ ರತ್ನಕ್ಕ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಶಾಂತಪ್ಪನವರು ಇದನ್ನು ಹೇಳಲು ಹೋದರೆ ಆಲಿವರ್ ತಲೆ ಅಲ್ಲಾಡಿಸಿದರು: ಗಂಡ ತಾನೇ ಹೇಳುವ ಕಾರಣವನ್ನು ಪುರಾವೆ ಎನ್ನಲಾಗುವುದಿಲ್ಲ. ಆಗ ಶಾಂತಪ್ಪನವರಿಗೆ ಪ್ರೊಫೆಸರ್ ಹೆದರ್ ನೆನಪಾದರು. ಬೇರೆ ಬೇರೆ ಸಮಾಜಗಳ ರೂಢಿಗಳನ್ನು ಅಧ್ಯಯನ ಮಾಡುವವರು. ಹಿಂದೊಮ್ಮೆ ಗ್ರೀನ್‌ಫರ್ಡಿಗೆ ರೆಕಾರ್ಡರ್ ಹಿಡಿದು ಬಂದು, ರತ್ನಕ್ಕ ಮಾಡಿದ ಚುರುಮುರಿ ತಿಂದು, ಉತ್ತರ ಕರ್ನಾಟಕದ ಹೆಂಗಸರು ಗಂಡನ ಹೆಸರನ್ನು ಏಕೆ ಹೇಳುವುದಿಲ್ಲ ಎಂಬುದರ ಮೇಲೇ ಪುಸ್ತಕ ಬರೆದವರು. ಅದರಲ್ಲಿ ರತ್ನಕ್ಕನೂ ಇದ್ದಾರೆ, 'ಗ್ರೀನ್‌ಫರ್ಡಿನ ಆರ್. ಬಾಯಿ' ಎಂದು. ಈ ಹೆದರ್ ಕೂರುವುದು ಎಲ್ಲಿ? ಅದೇ ಕಟ್ಟಡದಲ್ಲಿ, ಆಲಿವರ್ ಅವರ ಕೋಣೆಯಿಂದ ಎರಡು ಅಂತಸ್ತು ಮೇಲೆ!

ಅವರು ಲಿಫ್ಟ್ ಹತ್ತಿ ಹೋಗಿ ಹೇಳಿಕೊಂಡರು. ಪ್ರೊಫೆಸರ್ ಮೇಡಮ್ಮು ಗಮನವಿಟ್ಟು ಕೇಳಿದರು, ಅಯ್ಯೋ ಎಂದರು. ಆಮೇಲೆ, "ಇದು ಬಹಳ ಸ್ವಾರಸ್ಯಕರ. ಇದರ ಮೇಲೆ ಒಳ್ಳೆಯ ಲೇಖನ ಬರೆಯಬಹುದು," ಎಂದರು.

ಕೂಗಾಟ ಶುರುವಾದದ್ದು ಆಗ. ಇಂಗ್ಲಿಷಿನಲ್ಲಿ ಶುರುವಾಗಿ ಅರ್ಧಕ್ಕೇ ಕನ್ನಡಕ್ಕೆ ಇಳಿಯಿತಂತೆ. "ಒಲಿಯಾಗ ಹಾಕ್ರಿ ನಿಮ್ಮ ಲೇಖನಾ! ಮ್ಯಾಲಿನ ಮಾಳಿಗ್ಯಾಗ ಆಕಿ ನಿಮ್ಮ ಪುಸ್ತಕದಾಗಿನ ಶಾಣ್ಯಾಕಿ, ಕೆಳಗಿನ ಮಾಳಿಗ್ಯಾಗ ಮಿದುಳ ಕೆಟ್ಟಾಕಿ! ಒಂದ ಬಾಗಲದಾಗ ಬರ್ತೀರಿ, ಒಂದ ಬಾಗಲದಾಗ ಹೋಗ್ತೀರಿ, ಒಬ್ಬರಿಗೊಬ್ಬರು ಮಾತಾಡಂಗಿಲ್ಲೇನು? ನಿಮ್ಮ ದುಂಬಿ ಒಯ್ದೆ, ನಿಮ್ಮ ಕೆಸರ ಒಯ್ದೆ. ನನಗ ನನ್ನ ಹೇಣ್ತಿ ಮಾತ ಬೇಕ್ರಿ!" ಬಾಗಿಲುಗಳೆಲ್ಲ ತೆರೆದವು. ಬಂದ ಸೆಕ್ಯುರಿಟಿಯವನು ವ್ಯಾನಿನ ಕಾಲದಿಂದ ಪರಿಚಯದವನು. ಇವರ ತೋಳು ಹಿಡಿಯಲು ಅವನಿಗೇ ಮುಜುಗರವಾಯಿತಂತೆ.

ಈಗ ಹೇಳಿ, ಓದದವರು ಯಾರು? ಕುರಿಯ ಚರ್ಮ ನೋಡಿ ಕುರಿಯ ಕುಲ ಹೇಳುತ್ತೀರಿ, ಎರಡು ಅಂತಸ್ತು ಇಳಿದು ಒಂದು ಮಾತು ಹೇಳಲು ನಿಮಗೊಬ್ಬ ವ್ಯಾನ್ ಡ್ರೈವರ್ ಬೇಕಾಯಿತು. ಹೆದರ್ ಅವರು ಕಡೆಗೆ ಇಳಿದು ಬಂದರು, ಆ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಬಂದು ಆಲಿವರ್ ಅವರ ಕೈಕುಲುಕಿ, "ನಾವು ಮೊದಲು ಭೇಟಿಯಾದ ಹಾಗಿಲ್ಲ ಅಲ್ಲವೇ?" ಎಂದರಂತೆ.

ಆಲಿವರ್ ಕೆಂಪಗಾದರು, ತಪ್ಪಾಯಿತು ಎಂದರು. ಆದರೆ ಫೋಟೋ ಬದಲಿಸುವಂತಿಲ್ಲ, ನಿಯಮ. ಒಬ್ಬರಿಗೆ ಬದಲಿಸಿದರೆ ಎಲ್ಲರಿಗೂ ಬದಲಿಸಬೇಕು. ಬೇಕಾದರೆ ಅವೇ ಹತ್ತು ಫೋಟೋ ಇಟ್ಟು ಇನ್ನೊಮ್ಮೆ ಕೇಳಬಹುದು. ಕನ್ನಡ ಬಲ್ಲ ಹೆಂಗಸೊಬ್ಬರು ಜೊತೆಗಿರಲಿ. ರೋಗಿ ಮಾತ್ರ ಹೆಸರು ಹೇಳಲೇಬೇಕು.

"ನಾ ಹೆಂಗ ಹೇಳ್ಲಿ ತಂಗಿ ಆಕಿಗೆ, ನನ್ನ ಹೆಸರ ಹಿಡಿ ಅಂತ?" ಎಂದು ಶಾಂತಪ್ಪನವರು ನಮ್ಮ ಅಡುಗೆಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. ನಾನೇ ಹೋಗಿ ಹೇಳಿದೆ. "ರತ್ನಕ್ಕ, ಅವರ ಹೆಸರು ಹೇಳಿದರೆ ನಿಮಗೆ ಮಾತು ಕಲಿಸ್ತಾರೆ ಮಾರಾಯ್ರೆ. ಎಂತ ಆಗುದಿಲ್ಲ." ರತ್ನಕ್ಕ ನನ್ನನ್ನು ಒಂದು ಗಳಿಗೆ ನೋಡಿ ಮುಖ ಆಚೆ ತಿರುಗಿಸಿದರು. ಬರುತ್ತಾರೋ ಇಲ್ಲವೋ ಎಂದು ಕೊನೆಯವರೆಗೆ ನಮಗೆ ಗೊತ್ತಾಗಲಿಲ್ಲ.

ಬಂದರು. ಕೋಣೆಯೊಳಗೆ ಕೂತ ಮೇಲೆ, ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಹೊರಗೆ ಹೋಗಿ ಎಂದು ಕೈ ಮಾಡಿದರು. ರುದ್ರೇಶ, ಸ್ಫೂರ್ತಿ, ಸಾನ್ವಿ, ವೀರಣ್ಣ ಎಲ್ಲ ಸಲೀಸಾಗಿ ಬಂತು. ಐದನೆಯದು ಮದುವೆಯ ಫೋಟೋ. ತುಟಿ ಅಲುಗಿತು, ನಿಂತಿತು. ಬಾಗಿಲಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ, "ಶಾಂತಪ್ಪ," ಎಂದರು. ಸ್ಪಷ್ಟವಾಗಿ. ತಕ್ಷಣ ಮಂಗಳಸೂತ್ರ ಎತ್ತಿ ಕಣ್ಣಿಗೊತ್ತಿಕೊಂಡರು.

"ಬ್ರಿಲಿಯಂಟ್!" ಎಂದರು ಆಲಿವರ್.

ಐದು ಬಂತಲ್ಲ, ಸಾಕು ಎಂದೆ. ಇಲ್ಲ, ಹತ್ತೂ ಮುಗಿಸಬೇಕು, ಇಲ್ಲದಿದ್ದರೆ ಪರೀಕ್ಷೆ ಪೂರ್ತಿಯಾಗುವುದಿಲ್ಲ ಎಂದರು. ವ್ಯಾನಿನದು, ಮೀಸೆಯದು, ಒಂದೊಂದಾಗಿ ಕಂಪ್ಯೂಟರಿನ ಪರದೆಯ ಮೇಲೆ ಬಂತು. ಪ್ರತಿ ಸಲವೂ ಶಾಂತಪ್ಪ, ಪ್ರತಿ ಸಲವೂ ಮಂಗಳಸೂತ್ರ ಕಣ್ಣಿಗೆ, ಪ್ರತಿ ಸಲವೂ ಆ ಹಾಳು ಬ್ರಿಲಿಯಂಟ್. ಕೊನೆಯ ಹೊತ್ತಿಗೆ ರತ್ನಕ್ಕನ ಕೆನ್ನೆಯೆಲ್ಲ ಒದ್ದೆ. ಆ ಪರದೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನಿಸಿತು ನನಗೆ. ಹೊರಗೆ ಬಂದರೆ ಶಾಂತಪ್ಪನವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಎಲ್ಲ ಕೇಳಿಸಿತ್ತು.

ಸೇರ್ಪಡೆ ಆಯಿತು. ತರಬೇತಿ ಮುಂದಿನ ತಿಂಗಳಿಂದ. ಕಾರಿನಲ್ಲಿ ಗ್ರೀನ್‌ಫರ್ಡಿಗೆ ಹೊರಟೆವು. ಶಾಂತಪ್ಪನವರೇ ಓಡಿಸುತ್ತಿದ್ದರು, ರತ್ನಕ್ಕ ಪಕ್ಕದಲ್ಲಿ, ನಾನು ಹಿಂದೆ. ಹ್ಯಾಂಗರ್ ಲೇನಿನ ಕೆಂಪು ದೀಪದಲ್ಲಿ ಕಾರು ನಿಂತಾಗ ರತ್ನಕ್ಕ ಗಂಡನ ತೋಳು ಹಿಡಿದರು. ಬಾಯಿ ತೆರೆದರು, ತಡವರಿಸಿದರು, ಮತ್ತೆ ತೆರೆದರು.

"ಏನೂ... ಆಗಂಗಿಲ್ಲಲ್ರಿ... ನಿಮಗ?"

ಸ್ಟ್ರೋಕ್ ಆದ ಮೇಲೆ ಅವರು ಆಡಿದ ಮೊದಲ ಪೂರ್ತಿ ಮಾತು ಅದು.

ದೀಪ ಹಸಿರಾಯಿತು. ಶಾಂತಪ್ಪನವರು ಕಾರು ಬಿಡಲಿಲ್ಲ. ಹಿಂದಿನವನು ಹಾರ್ನ್ ಬಾರಿಸಿದ. ಅವರು ಕಿಟಕಿ ಇಳಿಸಿ, ಕತ್ತು ಹೊರಗೆ ಹಾಕಿ, ಅವನಿಗೆ ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈದರು, ಅಳುತ್ತ ಬೈದರು. ರತ್ನಕ್ಕ ತೋಳು ಬಿಡಲಿಲ್ಲ. ಉತ್ತರ ಬರಲಿ ಎಂದು ಗಂಡನ ಮುಖವನ್ನೇ ನೋಡುತ್ತಿದ್ದರು.