ಕಾಯಿಲ್ ಮೇಲಿನ ಒದ್ದೆ ಬಟ್ಟೆ

ಹುಮನಾಬಾದಿನ ದಾರಿಯಲ್ಲಿ ಮೊನ್ನೆ ತಮ್ಮನ ಮಗನ ಹಳೆಯ ಕಾರು ನಿಂತುಬಿಟ್ಟಿತು. ಬಾನೆಟ್ ಎತ್ತಿದೊಡನೆ ಬಂದ ಕಾದ ಎಂಜಿನ್ನಿನ ವಾಸನೆ ನನ್ನನ್ನು ಬಾಲ್ಯಕ್ಕೆ ಕರೆದೊಯ್ದಿತು.

ಅಪ್ಪನ ಕಾರು ಬಿಸಿಲಿನಲ್ಲಿ ಬಸವಕಲ್ಯಾಣ ದಾಟಿದರೆ ಸಾಕು, ನಿಲ್ಲುತ್ತಿತ್ತು. ಅಪ್ಪ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಧೋತರದ ಅಂಚಿನಿಂದ ಒರೆಸಿ, ಅರ್ಧ ತಾಸಿನ ಬಳಿಕ ಜೋಡಿಸುವರು, ಕಾರು ಹೊರಡುವುದು. ದೋಷವೆಲ್ಲ ಪ್ಲಗ್ಗುಗಳದೇ ಎಂಬುದು ಅವರ ದೃಢ ನಂಬಿಕೆ.

ಅಕ್ಕನ ಮೆಟ್ರಿಕ್ ಪರೀಕ್ಷೆಯ ದಿನವೂ ಕಾರು ನಿಂತಿತು. ಪರೀಕ್ಷಾ ಕೇಂದ್ರವಿದ್ದ ಹುಮನಾಬಾದ್ ಇನ್ನೂ ದೂರವಿತ್ತು. ಪರೀಕ್ಷೆಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಅಕ್ಕ ಅಳತೊಡಗಿದಳು. ಅಪ್ಪ ಎಂದಿನಂತೆ ಪ್ಲಗ್ ಬಿಚ್ಚಲು ಪಾನಾ ಹಿಡಿದರು.

“ಪ್ಲಗ್ ಬಿಡ್ರಿ. ಗಾಡಿ ಆರಿದ ಮ್ಯಾಲೆ ತಾನ ಚಾಲೂ ಆಗ್ತದ. ಆ ಡಬ್ಬಿ ಮುಟ್ಟಿ ನೋಡ್ರಿ, ಕೈ ಸುಡ್ತದ,” ಎಂದು ಅವ್ವ ಪ್ಲಗ್ಗುಗಳಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ತೋರಿಸಿದಳು.

“ನೀ ಯಾವಾಗ ಮಿಸ್ತ್ರಿ ಆದಿ?”

ಅವ್ವ ಕುಡಿಯುವ ನೀರಿನಲ್ಲಿ ಟವೆಲ್ ತೋಯಿಸಿ, ಹಿಂಡಿ, ಕಾಯಿಲ್‌ಗೆ ಸುತ್ತಿದಳು. ಅಪ್ಪ ಒಂದು ಪ್ಲಗ್ ಒರೆಸಿ ಜೋಡಿಸುವಷ್ಟರಲ್ಲಿ ಕಾಯಿಲ್ ತಣಿದಿತ್ತು. ಕಾರು ಹೊರಟಿತು, ಅಕ್ಕ ಸಕಾಲದಲ್ಲಿ ಪರೀಕ್ಷೆಗೆ ಕುಳಿತಳು.

“ನೋಡಿದೇನ, ಒಂದ ಪ್ಲಗ್ ಖರಾಬ್ ಇತ್ತು,” ಎಂದರು ಅಪ್ಪ.

“ಹೌದ್ರಿ,” ಎಂದಳು ಅವ್ವ.

ಮೊನ್ನೆ ತಮ್ಮನ ಮಗ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ವೈರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿರುವಾಗ, ನಾನು ಕರವಸ್ತ್ರವನ್ನು ತೋಯಿಸಿ ಹಿಂಡಿ ಕಾಯಿಲ್ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಕಾರು ಹೊರಟಿತು.

“ವೈರ್ ಲೂಸ್ ಇತ್ತು ನೋಡ್ರಿ ಅತ್ತಿ,” ಎಂದ.

“ಹೌದಪಾ,” ಎಂದೆ.